ನೀರಲ್ಲೊಂದು ವಾಕಿಂಗು

ಬೆಳಗಿನ ವಾಕಿಂಗ್ ಮಾಡುವವರಲ್ಲಿ ಒಂದು ವಿಚಿತ್ರ ಔದಾರ್ಯವಿದೆ; ತಾವು ನಡೆದದ್ದು ಸಾಲದೆಂಬಂತೆ ಎದುರಿಗೆ ಸಿಕ್ಕವರನ್ನೆಲ್ಲ ನಡೆಸಲು ಹೊರಡುತ್ತಾರೆ. ತೊಂಬತ್ತರ ದಶಕದ ಶಿಕಾರಿಪುರಕ್ಕೆ ಸಕ್ಕರೆ ಕಾಯಿಲೆಯೂ ಬಿಳಿ ಕ್ಯಾನ್‌ವಾಸ್ ಶೂಗಳೂ ಹೆಚ್ಚುಕಡಿಮೆ ಒಂದೇ ಬಸ್ಸಿನಲ್ಲಿ ಬಂದಿಳಿದಿದ್ದವು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದ ನನಗೆ ಮೊದಲನೆಯದು ಒಲಿಯಿತು, ಎರಡನೆಯದು ಒಲಿಯುವಂತಿರಲಿಲ್ಲ. ತೀರ ಎಳವೆಯಲ್ಲೇ ಪೋಲಿಯೋ ನನ್ನ ಎಡಗಾಲನ್ನು ತನ್ನ ವಶಕ್ಕೆ ತೆಗೆದುಕೊಂಡಿತ್ತು. ಅಂದಿನಿಂದ ಕಾಲಿಗೆ ಕಬ್ಬಿಣದ ಪಟ್ಟಿ, ಕಂಕುಳಿಗೆ ಊರುಗೋಲು. ದೇವರು ನನ್ನ ಪಾಲಿಗೆ ವಾಕ್ಕನ್ನು ಧಾರಾಳವಾಗಿ ಕೊಟ್ಟು, ವಾಕಿಂಗನ್ನು ಮಿಕ್ಕವರಿಗೆ ಹಂಚಿಬಿಟ್ಟಿದ್ದ.

ಆದರೂ ನಮ್ಮ ವೈದ್ಯರು, ನನ್ನ ರಕ್ತಪರೀಕ್ಷೆಯ ಫಲಿತಾಂಶದಿಂದ ತಲೆಯೆತ್ತದೆಯೇ, "ದಿನಾ ಬೆಳಿಗ್ಗೆ ಕೆರೆ ಏರಿ ತನಕ ಬಿರುಸಾಗಿ ನಡೀರಿ ಮೇಡಂ" ಎಂದರು. ಆಮೇಲೆ ತಲೆಯೆತ್ತಿ, ಊರುಗೋಲು ಕಂಡು ಪೆಚ್ಚಾದರು. ಅವರ ಸಂಕಟ ನೋಡಲಾರದೆ ನಾನೇ ಸಮಾಧಾನ ಹೇಳಿದೆ: "ಹೋಗ್ಲಿ ಬಿಡ್ರಿ ಡಾಕ್ಟ್ರೇ, ಅದಕ್ಕೆಲ್ಲ ಕಾಲ ಕೂಡಿ ಬರಬೇಕು."

ಅವರು ನಗಲಿಲ್ಲ. ನನ್ನ ಭುಜವನ್ನು ಒತ್ತಿದರು, ನಾನು ಚೀರಿದೆ. "ಇಷ್ಟು ವರ್ಷ ಕಾಲಿನ ಕೆಲಸಾನ ಈ ಹೆಗಲು ಮಾಡೇತಿ. ಇದು ಬಲ ಕಳ್ಕೊಂಡ್ರೆ ಊರುಗೋಲು ಹಿಡಿಯೋದೂ ಕಷ್ಟ ಆಗ್ತದೆ. ಕುರ್ಚೀಲಿ ಕೂತು ತೋಳಿನ ವ್ಯಾಯಾಮ ಮಾಡ್ರಿ. ಅನುಕೂಲ ಇದ್ರೆ ನೀರಿಗಿಳೀರಿ, ನೀರಲ್ಲಿ ಮೈಭಾರ ಇಳೀತದೆ. ಜೊತೆಗೆ ಯಾರಾದ್ರೂ ಇರ್ಲಿ."

ಹೆಗಲು ಕೈಕೊಟ್ಟರೆ ಕಾಲೂ ಹೋದಂತೆ. ಕಾಲು ಹೋದರೆ ಮಹಡಿಯ ಮೇಲಿನ ತರಗತಿ, ಅದರ ಹಿಂದೆಯೇ ನೌಕರಿ. ಅಂದು ನನಗೆ ಊಟ ಸೇರಲಿಲ್ಲ.

ಕುರ್ಚಿಯ ವ್ಯಾಯಾಮವನ್ನು ತಾಮ್ರದ ಚೊಂಬುಗಳಿಂದ ಆರಂಭಿಸಿದೆ. ತುಂಬಿದ ಚೊಂಬನ್ನು ಒಂದೊಂದು ಕೈಯಲ್ಲಿ ಹಿಡಿದು ಮೇಲೆತ್ತುವುದು, ಇಳಿಸುವುದು. ಮೊದಲ ದಿನವೇ ಒಂದು ಚೊಂಬು ಉತ್ತರಪತ್ರಿಕೆಗಳ ಮೇಲೆ ಮಗುಚಿ, ತತ್ಸಮ ತದ್ಭವಗಳೆಲ್ಲ ಭೇದ ಮರೆತು ಒಂದಾದವು. ಅನಂತರ ಸೈಕಲ್ಲಿನ ಹಳೆಯ ಟ್ಯೂಬೊಂದನ್ನು ಕಿಟಕಿಯ ಸರಳಿಗೆ ಕಟ್ಟಿ ಎಳೆಯತೊಡಗಿದೆ. ಪಕ್ಕದ ಮನೆಯ ಶಂಶಾದ್ ಬೇಗಂ ಕಿಟಕಿಯಾಚೆ ನಿಂತು, "ಕಿಟಕಿ ಕಿತ್ತು ಬಂದ್ರೆ ಹೇಳ್ರಿ ಮೇಡಂ, ನಮ್ಮನೆಯವ್ರು ಕೂಡಿಸಿಕೊಡ್ತಾರೆ" ಎಂದರು. ಅವರ ಯಜಮಾನರು ಬಡಗಿ. ಕಿಟಕಿ ಕಿತ್ತು ಬರಲಿಲ್ಲ. ಸಕ್ಕರೆ ತುಸು ಇಳಿಯಿತು, ತೋಳಿಗೆ ಕಸುವು ಬಂತು. ಆದರೆ ಹೆಗಲಿನ ನೋವು ಮಾತ್ರ ಹಟಮಾರಿ ಅತಿಥಿಯಂತೆ ಉಳಿದೇಬಿಟ್ಟಿತು.

ಬೇಸಿಗೆ ರಜೆಗೆ ಸೊರಬದ ಅಣ್ಣನ ಮನೆಗೆ ಹೋದೆ. ಅಲ್ಲಿ ಗದ್ದೆಗೆ ನೀರುಣಿಸಲು ಕಲ್ಲು ಕಟ್ಟಿ ಮಾಡಿದ, ಮೆಟ್ಟಿಲುಗಳಿದ್ದ ಒಂದು ಹೊಂಡವಿತ್ತು, ನೀರು ಎದೆಮಟ್ಟ. ವರದಾ ನದಿಯಲ್ಲಿ ಈಜುತ್ತಲೇ ಬೆಳೆದ ಅತ್ತಿಗೆ ನಾಗವೇಣಿ, ವೈದ್ಯರ ಮಾತು ಕೇಳಿದ್ದೇ ತಡ, ಸೆರಗು ಸಿಕ್ಕಿಸಿದಳು. ಹೌಹಾರಿದವಳು ಅಣ್ಣನ ಜೊತೆಗೇ ಇದ್ದ ಅಮ್ಮ. ಜ್ವರದಲ್ಲಿ ನನ್ನ ಕಾಲು ಸೋತಾಗಿನಿಂದ ಆಕೆ ನನ್ನನ್ನು ಮಳೆಗಾಲದ ಚರಂಡಿ ದಾಟಲೂ ಬಿಟ್ಟವಳಲ್ಲ.

"ಇರೋ ಒಂದು ಕಾಲನ್ನೂ ಕಳ್ಕಂತಾಳೆ! ಬ್ಯಾಡ ವೇಣಿ!"

"ಎಂತ ಆಗೂದಿಲ್ಲ ಅತ್ತೆ, ನಾ ಹಿಡ್ಕಂಡಿರ್ತೀನಿ."

ಪಟ್ಟಿ ಬಿಚ್ಚಿಟ್ಟು, ಕೂತಲ್ಲೇ ಒಂದೊಂದು ಮೆಟ್ಟಿಲು ಜಾರಿ ನೀರಿಗಿಳಿದೆ. ತಣ್ಣನೆಯ ನೀರು ಎದೆಗೇರಿದಾಗ ನನ್ನ ವಿದ್ವತ್ತೆಲ್ಲ "ಅಯ್ಯೋ ಅಮ್ಮಾ" ಎಂಬ ಎರಡೇ ಪದಗಳಿಗೆ ಇಳಿದಿತ್ತು. ನಾಗವೇಣಿ ಬೆನ್ನಿಗೆ ಅಂಗೈ ಕೊಟ್ಟು ಮಲಗಿಸಿದಳು. ಆಗ, ಇಷ್ಟು ವರ್ಷ ನಾನು ಮೂಟೆಯಂತೆ ಎಳೆದಾಡಿದ ಆ ಕಾಲು ತಾನಾಗಿ ಮೇಲೆದ್ದು ತೇಲಿತು. ನೀರಿನ ಮೇಲೆ ಕಾಣಿಸಿಕೊಂಡ ಬೆರಳುಗಳನ್ನು ಯಾರದೋ ಎಂಬಂತೆ ನೋಡಿದೆ. ನಗಲು ಹೋಗಿ ನೀರು ಕುಡಿದೆ; ದಡದಲ್ಲಿ ಅಮ್ಮ ಕೂಗಿಕೊಂಡಳು.

ಆಮೇಲೆ ದಿನವೂ ಅದೇ ನಡೆಯಿತು. ಕಲ್ಲಂಚು ಹಿಡಿದು ಕಾಲು ಬಡಿಯುವುದು, ತೋಳು ಬೀಸುವುದು, ಅತ್ತಿಗೆಯ ಕೈ ಹಿಡಿದು ಹೆಜ್ಜೆ ಹಾಕುವುದು. ಹೆಗಲು ಮೆಲ್ಲಗೆ ಸಡಿಲಾಯಿತು. ತಲೆ ಬಾಚುವಾಗ ಹಲ್ಲು ಕಚ್ಚುವುದು ತಪ್ಪಿತು. ರಜೆ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ನಾಗವೇಣಿ ನನ್ನ ಬೆರಳುಗಳನ್ನು ಬಿಡಿಸಿಕೊಂಡು ಹಿಂದೆ ಸರಿದಳು.

"ಬನ್ನಿ."

"ಊರುಗೋಲಿಲ್ದೆ?"

"ಅದು ದಡದಾಗೆ ಐತೆ. ನೀವು ಬನ್ನಿ."

ಮೈಯನ್ನು ನೀರು ಆತುಕೊಂಡಿತ್ತು. ಎಡಗಾಲನ್ನು ಮುಂದಿಟ್ಟೆ, ಅದು ಮಡಚಿಕೊಳ್ಳಲಿಲ್ಲ. ಎರಡೂ ಕೈ ಖಾಲಿ ಇಟ್ಟುಕೊಂಡು ನಡೆದದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಎದುರು ಗೋಡೆ ಮುಟ್ಟಿ ತಿರುಗಿದಾಗ ನಾಗವೇಣಿ ಅಳುತ್ತಿದ್ದಳೋ, ಅವಳ ಮುಖದ ಮೇಲಿದ್ದದ್ದು ಹೊಂಡದ ನೀರೋ ತಿಳಿಯಲಿಲ್ಲ.

ಅಮ್ಮ ಕೈಲಿದ್ದ ಟವಲನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಮೆಲ್ಲಗೆ ಮೆಟ್ಟಿಲ ಮೇಲೆ ಕೂತಳು. ಬಾತ ಮಂಡಿಗಳ ಮೇಲಕ್ಕೆ ಸೀರೆ ಸರಿಸಿ ಎರಡೂ ಪಾದಗಳನ್ನು ನೀರಲ್ಲಿ ಇಳಿಬಿಟ್ಟಳು. ಯಾರ ಮುಖವನ್ನೂ ನೋಡದೆ ಕೇಳಿದಳು:

"ವೇಣಿ, ಕಾಲು ಹ್ಯಾಂಗೆ ಬಡೀಬೇಕು, ನಂಗೂ ತೋರ್ಸೇ."