ನನ್ನ ನೆಗೆಣ್ಣಿಯ ಹಣೆಯ ಕ್ಯಾಮೆರಾ

ಜಗದೇವಿ ನನ್ನ ನೆಗೆಣ್ಣಿ. ನನ್ನ ಗಂಡ ವೈಜಿನಾಥನ ತಮ್ಮ ಅಂಬರೀಷನ ಹೆಂಡತಿ. ಹುಮನಾಬಾದಿನಲ್ಲಿ ಈಗ ಅವಳ ಹೆಸರು ಎತ್ತಿದರೆ ಸಾಕು, "ಮಷೀನಿಗೆ ರೊಟ್ಟಿ ಕಲಿಸಾಕತ್ತಾಳಲ್ಲ, ಅಕಿನಾ?" ಎಂದು ಕೇಳುತ್ತಾರೆ. ಅವಳಿಗೆ ರೊಟ್ಟಿ ಕಲಿಸಿದವರು ಯಾರು ಎಂದು ಒಬ್ಬ ಪುಣ್ಯಾತ್ಮನೂ ಕೇಳುವುದಿಲ್ಲ. ನಾನು, ಈ ಯಶೋದಾಬಾಯಿ ಕಲಿಸಿದ್ದು. ಕೇಳದಿದ್ದರೂ ಹೇಳಿಬಿಡುತ್ತೇನೆ.

ಅವಳು ರಾಜೇಶ್ವರದ ನರಸಿಂಗನ ಮಗಳು. ತಾಯಿ ಬೇಗ ತೀರಿಕೊಂಡಳು, ಹುಡುಗಿ ಹಾಸ್ಟೆಲಿನಲ್ಲೇ ಬೆಳೆದಳು. ನಮ್ಮ ಮನೆಗೆ ಬಂದಾಗ ಬಿ.ಎ. ಪಾಸಾಗಿತ್ತು, ಜೋಳದ ಹಿಟ್ಟಿಗೆ ಬಿಸಿನೀರು ಹಾಕಬೇಕೆಂಬುದು ಗೊತ್ತಿರಲಿಲ್ಲ. ಅವಳು ಬಡಿದ ಮೊದಲ ರೊಟ್ಟಿ ತವಾ ಮುಟ್ಟುವ ಮೊದಲೇ ಹರಿದುಬಿತ್ತು. ಅತ್ತೆ ನನ್ನ ಕಡೆ ತಿರುಗಿ, "ಇಕಿಗಿ ನೀನೇ ಕಲಿಸವ್ವ" ಎಂದರು. ಕಲಿಸಿದೆ. ಬೈದು ಕಲಿಸಿದೆ, ಕೈ ಮೇಲೆ ಒಂದು ಕೊಟ್ಟೂ ಕಲಿಸಿದೆ. ಅವಳು ಅತ್ತಿದ್ದೂ ಉಂಟು, ಆದರೆ ಮರುದಿನ ನನಗಿಂತ ಮೊದಲು ಎದ್ದು ಹಿಟ್ಟು ನಾದಿಟ್ಟಿರುತ್ತಿದ್ದಳು.

ಆಮೇಲೆ ಪಾರ್ವತಿಬಾಯಿಯವರ ರೊಟ್ಟಿ ಕೇಂದ್ರಕ್ಕೂ ನಾನೇ ಕರೆದುಕೊಂಡು ಹೋದೆ. ಅಲ್ಲಿ ಜೋಡಿ ಜೋಡಿಯಾಗಿ ಕೂರುತ್ತೇವೆ. ಒಬ್ಬಳು ಬಡಿಯುತ್ತಾಳೆ, ಒಲೆಯ ಆಚೆ ಎದುರಿಗೆ ಕೂತವಳು ಸುಡುತ್ತಾಳೆ. ಬಡಿಯುವುದು ನನ್ನ ಕೆಲಸ, ಸುಡುವುದು ಅವಳದು. ಖಾನಾವಳಿಯವರು ಬಂದು ಯಶೋದಾಬಾಯಿ ಬಡಿದ ರೊಟ್ಟಿಯನ್ನೇ ಕೊಡಿ ಎಂದು ಹಟ ಮಾಡುತ್ತಿದ್ದರು. ಇದು ಸುಳ್ಳಾದರೆ ಪಾರ್ವತಿಬಾಯಿಯವರನ್ನೇ ಕೇಳಿ.

ಹೋದ ವರ್ಷ ಯಾವುದೋ ಕಂಪನಿಯ ಸೂಪರ್‌ವೈಸರ್ ವಸೀಮ್ ಬಂದ. ಅಗಲವಾದ ಪಟ್ಟಿಗೆ ಜೋಡಿಸಿದ ಪುಟ್ಟ ಕ್ಯಾಮೆರಾ ತಂದಿದ್ದ. ಅದನ್ನು ಹಣೆಗೆ ಕಟ್ಟಿಕೊಂಡು ರೊಟ್ಟಿ ಬಡಿಯಬೇಕಂತೆ.

"ದೊಡ್ಡ ದೊಡ್ಡ ದೇಶದಾಗ ಮನುಷ್ಯಾರಂಗ ಬುದ್ಧಿ ಇರೋ ಮಷೀನ್ ಕಟ್ಟಾಕತ್ತಾರ್ರಿ," ಎಂದ ವಸೀಮ್. "ಮಾತು ಕಲ್ತದ, ಲೆಕ್ಕ ಕಲ್ತದ. ಕೈ ಕೆಲಸ ಮಾತ್ರ ಬರವಲ್ದು. ನಿಮ್ಮ ಕೈ ನೋಡಿ ಕಲೀತದರಿ."

ಎಲ್ಲರೂ ನನ್ನನ್ನೇ ತೋರಿಸಿದರು. ಇನ್ಯಾರನ್ನು ತೋರಿಸುತ್ತಾರೆ? ಗತ್ತಿನಿಂದ ಕಟ್ಟಿಕೊಂಡು ಕೂತೆ. ಕೆಲವು ದಿನ ಕಳೆದ ಮೇಲೆ ವಸೀಮ್ ತಲೆ ಕೆರೆದುಕೊಳ್ಳುತ್ತ ಬಂದ.

"ಬಾಯಿ, ಬೇಜಾರ್ ಮಾಡ್ಕೋಬ್ಯಾಡ್ರಿ. ನಿಮ್ಮ ವಿಡಿಯೋದಾಗ ರೊಟ್ಟಿನೇ ಇಲ್ಲ. ಗ್ವಾಡಿ ಅದ, ಬೆಕ್ಕ ಅದ, ರೋಡಿನ್ಯಾಗ ಹೋಗೋ ಬಸ್ ಅದ. ಪಾರ್ವತಿಬಾಯಿ ಕೂಡ ಜಗಳ ಆಡಿದ್ದೂ ಪೂರಾ ಅದ."

ಮಾತು ಖರೆ. ರೊಟ್ಟಿ ಬಡಿಯುವಾಗ ನಾನು ಕೈ ನೋಡುವುದೇ ಇಲ್ಲ. ಹತ್ತು ಕಡೆ ನೋಡುತ್ತೇನೆ, ಹತ್ತು ಮಂದಿಯ ಜೊತೆ ಮಾತಾಡುತ್ತೇನೆ, ರೊಟ್ಟಿ ತನ್ನಷ್ಟಕ್ಕೆ ದುಂಡಗಾಗುತ್ತದೆ. ವಸೀಮನ ಮಾತಿಗೆ ಬಗ್ಗಿ ಕೈ ನೋಡುತ್ತ ಬಡಿದೆ. ಅಯ್ಯ ಶಿವನೇ! ಎಂದೂ ಇಲ್ಲದ್ದು ಕೈ ತಡವರಿಸಿತು, ಅಂಚು ಒಡೆಯಿತು. ಜಗದೇವಿಗಾದರೆ ಇಂದಿಗೂ ಎಲ್ಲಿ ಹರಿದೀತೋ ಎಂಬ ಭಯ, ರೊಟ್ಟಿ ಬಡಿದು ಮುಗಿಯುವವರೆಗೆ ಕೈ ಬಿಟ್ಟು ಕಣ್ಣು ಅತ್ತಿತ್ತ ಸರಿಸುವುದಿಲ್ಲ. ಕಂಪನಿಗೆ ಬೇಕಾಗಿದ್ದದ್ದು ಅದೇ. ನನ್ನ ಹಣೆಯಿಂದ ಪಟ್ಟಿ ಬಿಚ್ಚಿ ಅವಳ ಹಣೆಗೆ ಕಟ್ಟಿದರು. ಜಾಗವೂ ಅದಲುಬದಲಾಯಿತು. ಅವಳು ಬಡಿಯುವುದು, ನಾನು ಎದುರು ಕೂತು ಸುಡುವುದು. ಕೆಲಸ ಪೂರ್ತಿ ಕೈವಶವಾಗದವಳು ಜಗತ್ತಿಗೆ ಗುರು, ಕಲಿಸಿದ ನಾನು ಒಲೆಯ ಮುಂದೆ. ಯಾರಿಗೆ ಹೊಟ್ಟೆ ಉರಿಯುವುದಿಲ್ಲ, ನೀವೇ ಹೇಳಿ.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಈ ವರ್ಷ ಮನೀಷಾ ಮೇಡಂ ಬಂದಳು. ಹುಲಸೂರ ಅವಳ ಅಜ್ಜಿಯ ಊರು. ಈ ಬುದ್ಧಿವಂತ ಮಷೀನು ಕಟ್ಟಲು ಹೊರಟವರ ಕತೆಯನ್ನೆಲ್ಲ ಮೊದಲಿನಿಂದ ದಾಖಲು ಮಾಡಿ ಒಂದು ಸಿನಿಮಾ ತೆಗೆಯುತ್ತಿದ್ದಾಳೆ. ವಿಜ್ಞಾನಿಗಳನ್ನು ಮಾತಾಡಿಸಿ ಬಂದಿದ್ದಳು, ಮಷೀನಿಗೆ ಕೈ ಕೆಲಸ ಕಲಿಸುವವರನ್ನು ಹುಡುಕಿಕೊಂಡು ಹುಮನಾಬಾದಿಗೂ ಬಂದಳು. ನೇರವಾಗಿ ಜಗದೇವಿಯ ಮುಂದೆ ಕುರ್ಚಿ ಹಾಕಿದಳು. ಅವಳು ಓದಿದ ಶಾಲೆ, ಅವಳ ತವರು, ಅವಳು ಹಿಟ್ಟು ಜರಡಿ ಹಿಡಿಯುವುದು, ಎಲ್ಲಕ್ಕೂ ಕ್ಯಾಮೆರಾ! ನನಗೆ ಬೇಕಾಗಿದ್ದು ಒಂದೇ. ಆ ಸಿನಿಮಾದಲ್ಲಿ ಒಂದು ಸಲ ನನ್ನ ಮುಖ ಬರಬೇಕು, ಇವಳೇ ಕಲಿಸಿದವಳು ಎಂದು ಹೇಳಬೇಕು.

ಮನೆಯಲ್ಲಿ ಜಗದೇವಿಯ ಸಂದರ್ಶನ ಇದ್ದ ದಿನ ಮುಂಜಾನೆ ಅವಳು ಎರಡು ಸೀರೆ ಹಿಡಿದು ನನ್ನ ಹತ್ತಿರ ಬಂದಳು.

"ಅಕ್ಕಾ, ಯಾವ್ದು ಉಟ್ಕೊಳ್ಲಿ?"

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. "ಯಾವ್ದರ ಉಟ್ಕೋ, ನನಗೇನ್ ಕೇಳ್ತಿ! ಅವರ ಮುಂದ ನನ್ನ ಹೆಸರ ತಗದೀ ಅಂದ್ರ ನೋಡು ಮತ್ತ!"

ಸಿಟ್ಟಿನಲ್ಲಿ ಆಡಿದ ಮಾತನ್ನು ಯಾರಾದರೂ ಪಾಲಿಸುತ್ತಾರೆಯೇ? ಅಂಥ ಮಾತು ಕೇಳಿ ಮೀರಬೇಕು. ಆದರೆ ಅವಳು ಹಾಸ್ಟೆಲಿನಲ್ಲಿ ಬೆಳೆದವಳು, ಹೇಳಿದ್ದನ್ನು ಹೇಳಿದ ಹಾಗೆ ಕೇಳುತ್ತಾಳೆ. "ಇಷ್ಟ ಚಂದ ರೊಟ್ಟಿ ಯಾರ್ ಕಲಿಸಿದ್ರು ನಿಮಗ?" ಎಂದು ಮನೀಷಾ ಕೇಳಿದಾಗ ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಸೆರಗು ಸರಿಮಾಡಿಕೊಂಡೂ ಆಗಿತ್ತು. ಜಗದೇವಿ ನೆಲ ನೋಡುತ್ತ, "ಹಂಗೇ ಬಂತ್ರಿ" ಎಂದಳು. ಹಂಗೇ ಬರಲಿಕ್ಕೆ ಅದೇನು ನೆಗಡಿಯೇ? ಚಹಾ ಅಲ್ಲೇ ಕಟ್ಟೆಯ ಮೇಲೆ ಕುಕ್ಕಿ ಒಳಗೆ ಹೋದೆ. ಎಷ್ಟೋ ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೇಂದ್ರದಲ್ಲಿ ಮಾತ್ರ ಮುಖಕ್ಕೆ ಮುಖ ಕೊಟ್ಟು ಕೂರಲೇಬೇಕಿತ್ತು, ಕೂತೆ.

ಮೊನ್ನೆ ಮನೀಷಾ ನಮ್ಮನ್ನೆಲ್ಲ ಬಸವಕಲ್ಯಾಣಕ್ಕೆ ಕರೆಸಿದಳು. ಅವರು ಇಳಿದುಕೊಂಡಿದ್ದ ಲಾಡ್ಜಿನ ಹಾಲಿನಲ್ಲಿ ಗೋಡೆಗೆ ಬಿಳಿ ಪರದೆ ಕಟ್ಟಿದ್ದರು. ಸಿನಿಮಾ ಇನ್ನೂ ಪೂರ್ತಿಯಾಗಿಲ್ಲ, ನಮ್ಮ ಊರಿನ ಭಾಗವನ್ನು ನಾವು ಮೊದಲು ನೋಡಿ ಒಪ್ಪಬೇಕು ಎಂದಳು. ಗಾಜಿನ ಕಟ್ಟಡಗಳು ಬಂದವು, ಬೋರ್ಡಿನ ತುಂಬ ಬರೆದು ಒರೆಸುವ ಗಂಡಸರು ಬಂದರು, ಹಿಟ್ಟಿನ ಉಂಡೆ ಎತ್ತಲು ಹೋಗಿ ಕೆಡವುವ ಕಬ್ಬಿಣದ ಕೈ ಬಂತು. ನಾವೆಲ್ಲ ನಕ್ಕೆವು. ಆಮೇಲೆ ಜಗದೇವಿ ಬಂದಳು. ಪಾರ್ವತಿಬಾಯಿ ಚಪ್ಪಾಳೆ ತಟ್ಟಿದರು, ನಾನು ಕೈ ಕಟ್ಟಿ ಕೂತೆ.

ಅದಾದ ಮೇಲೆ ಅವಳ ಹಣೆಯ ಕ್ಯಾಮೆರಾ ಕಂಡದ್ದು ಬಂತು. ಎರಡು ಕೈ, ಹಿಟ್ಟು, ರೊಟ್ಟಿ ಅಗಲವಾಗುತ್ತ ಹೋಯಿತು. ಅವಳು ತಲೆ ಎತ್ತಿದಳು. ಪರದೆಯ ತುಂಬ ನನ್ನ ಮುಖ! ಹುಬ್ಬು ಗಂಟು, ತುಟಿ ಬಿಗಿ, ಕಣ್ಣಲ್ಲಿ ಕೆಂಡ. ಮತ್ತೆ ಕೈ, ಮತ್ತೆ ರೊಟ್ಟಿ, ಮತ್ತೆ ನನ್ನ ಮುಖ. ಬೇರೆ ದಿನ, ಬೇರೆ ಸೀರೆ, ಅದೇ ಮುಖ. ಒಂದರ ಹಿಂದೊಂದು ಬಂದೇ ಬಂದವು. ನಾನು ಹಾಗೆ ಕಾಣುತ್ತೇನೆಂದು ನನಗೆ ಗೊತ್ತಿರಲಿಲ್ಲ.

"ನೋಡ್ರೇ, ತವಾಕಿಂತ ಯಶೋದಾನ ಮಾರಿನೇ ಕಾದದ!" ಎಂದರು ಪಾರ್ವತಿಬಾಯಿ. ಹಾಲಿಗೆ ಹಾಲೇ ನಕ್ಕಿತು.

ಮನೀಷಾ ನಿಲ್ಲಿಸಿ ನನ್ನ ಹತ್ತಿರ ಬಂದಳು. "ನಿಮ್ಮ ಮುಖ ಬಂದಿದ್ದ ವಿಡಿಯೋ ತುಕಡಿ ಕಂಪನಿಯವರು ಬ್ಯಾಡಂತ ಬಿಟ್ಟಿದ್ರು. ನಾನೇ ಕೇಳಿ ತಗೊಂಡೆ. ನೀವು ಒಲ್ಲೆ ಅಂದ್ರ ತೆಗೀತೀನಿ."

ತೆಗೆದರೆ ನಾನು ಆ ಸಿನಿಮಾದಲ್ಲಿ ಎಲ್ಲೂ ಇಲ್ಲ. ಇಟ್ಟರೆ ನನ್ನ ಹೊಟ್ಟೆಕಿಚ್ಚು ದೇಶದೇಶಗಳಿಗೆ. ಜಗದೇವಿಯ ಮೇಲೆ ಹರಿಹಾಯ್ದೆ. "ಕೈ ನೋಡಂತ ಕಟ್ಟಿದ್ರ, ನನ್ನ ಮಾರಿ ಯಾಕ ನೋಡ್ತಿದ್ದೀ?"

ಅವಳು ಗಾಬರಿಯಾದಳು. "ನೀವೇ ಕಲಿಸಿದವರಲ್ರೀ ಅಕ್ಕಾ. ಒಂದ್ ಸಲಾನೂ ಚಲೋ ಆಗ್ಯಾದ ಅನ್ಲಿಲ್ಲ. ಇದಾದ್ರೂ ಚಲೋ ಆಗ್ಯಾದೇನಂತ ಪ್ರತಿ ರೊಟ್ಟಿಗೂ ನೋಡ್ತಿದ್ದೆ. ನಿಮ್ಮ ಮಾರಿ ಹಂಗಿರ್ತಿತ್ತು, ಆಗಿಲ್ಲಂತ ತಿಳ್ಕೋತಿದ್ದೆ." ಆಮೇಲೆ ಮನೀಷಾಳ ಕಡೆ ತಿರುಗಿ, "ತೆಗೀರಿ ಮೇಡಂ, ಅಕ್ಕಗ ಮಂದಿ ನಗ್ತಾರ" ಎಂದಳು.

ಹಾಲಿನಲ್ಲಿ ಯಾರೂ ನಗಲಿಲ್ಲ. ಪರದೆಯ ಮೇಲೆ ನನ್ನ ಮುಖ ಇನ್ನೂ ನಿಂತೇ ಇತ್ತು.

"ತೆಗೀಬ್ಯಾಡ್ರಿ, ಇರ್ಲಿ," ಎಂದೆ. ಜಗದೇವಿಯನ್ನು ನೋಡಿದೆ. "ರೊಟ್ಟಿ ಚಲೋ ಆಗಿದ್ವು. ಅದಕ್ಕೇ ಹಂಗ ನೋಡ್ತಿದ್ದೆ."