ಕಾಕುವಿನ ಟ್ರ್ಯಾಕ್ಟರನ್ನು ತಾಯಿ ಉಳಿಸಿಕೊಟ್ಟ ಬಗೆ

ತಾಯಿ ಬನಶಂಕರಿಯ ಒಕ್ಕಲಿನವರೆಲ್ಲರಿಗೂ ಶರಣು. ಕಾಯಿಲೆ ವಾಸಿಯಾದದ್ದು, ಕಳೆದುಹೋದ ಮಗು ಸಿಕ್ಕಿದ್ದು, ಇಂಥ ಅನುಭವಗಳನ್ನು ನೀವು ಬೇಕಾದಷ್ಟು ಓದಿರುತ್ತೀರಿ. ನನ್ನದು ಟ್ರ್ಯಾಕ್ಟರಿನದು. ದಯವಿಟ್ಟು ನಗಬೇಡಿ. ಆ ಒಂದು ತಿಂಗಳು ನಮ್ಮ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

೧೯೮೬ರ ಮಾತು. ನಮ್ಮವರು ರೈಲ್ವೆಯಲ್ಲಿ ಡೀಸೆಲ್ ಫಿಟ್ಟರ್. ನಾಗಪುರಕ್ಕೆ ವರ್ಗವಾಗಿ ಬಂದು ಮನೀಶ್ ನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಮನೆಯ ಮಾಲಕಿ ಕುಸುಮ್ ಕಾಕು (ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ) ಬುಟಿಬೋರಿಯ ಆಚೆ ತಮ್ಮ ಹೊಲದಲ್ಲೇ ಇರುತ್ತಿದ್ದರು. ಅವರ ಯಜಮಾನರು ತೀರಿಕೊಂಡ ಮೇಲೆ ಹಳೆಯ ವಿಲಾಯಿತಿ ಟ್ರ್ಯಾಕ್ಟರ್ ಬೇವಿನ ಮರದಡಿ ನಿಂತು ಕೋಳಿಗಳ ಮನೆಯಾಗಿತ್ತು. "ಅದರ ಸಪ್ಪಳ ಕೇಳಿದರೆ ಅವರು ಮನೆಗೆ ಬಂದಂತೆ ಆಗುತ್ತಿತ್ತು" ಎಂದು ಕಾಕು ಒಂದು ದಿನ ಕಣ್ಣೊರೆಸಿಕೊಂಡದ್ದೇ ತಡ, ನಮ್ಮವರು ಅದನ್ನು ಓಡಿಸಿ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟರು. ಎಂಜಿನ್ ಎಂದರೆ ಅವರಿಗೆ ಊಟ ನಿದ್ದೆ ಎರಡೂ ಬೇಡ.

ಟ್ರ್ಯಾಕ್ಟರ್ ನಮ್ಮ ಮನೆಯ ಪಕ್ಕದ ಖಾಲಿ ಜಾಗಕ್ಕೆ ಬಂತು. ಆರು ತಿಂಗಳು ಅವರ ವಾರದ ರಜೆಯೆಲ್ಲ ಅದರ ಕೆಳಗೇ ಕಳೆಯಿತು. ಒಂದೊಂದು ತಿರುಪನ್ನೂ ಬಿಚ್ಚಿ, ತೊಳೆದು, ಜೋಡಿಸಿದರು. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ ಇರುತ್ತದಲ್ಲ, ಚೇಂಬರ್ ಅನ್ನುತ್ತಾರೆ, ಅದನ್ನು ಕನ್ನಡಿಯಂತೆ ಉಜ್ಜಿ ತಾವೇ ಮುಚ್ಚಿದರು. ದಸರೆಯ ದಿನ ಲಾರಿಗೆ ಹತ್ತಿಸಿ ಹೊಲಕ್ಕೆ ಕಳಿಸುವುದೆಂದಾಯಿತು. ನನಗೋ ಹೆತ್ತ ಮಗಳು ಗಂಡನ ಮನೆಗೆ ಹೊರಟಷ್ಟು ಸಂಕಟ. ನಮ್ಮವರು ಅಂಗಿ ಬದಲಿಸಲು ಒಳಗೆ ಹೋದಾಗ ಅದಕ್ಕೆ ಕುಂಕುಮ ಹಚ್ಚಿ, ಉಡಿ ತುಂಬಿ, ಆರತಿ ಎತ್ತಿ ಕಳಿಸಿಕೊಟ್ಟೆ.

ನಾಲ್ಕೇ ದಿನಕ್ಕೆ ಕಾಕು ಹೇಳಿ ಕಳಿಸಿದರು. ಚಾಲೂ ಮಾಡಿದಾಗ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಠೀವಿಯಿಂದ ಏರುತ್ತದೆ, ಹತ್ತು ನಿಮಿಷ ಉಳುವಷ್ಟರಲ್ಲಿ ಸರ್ರನೆ ಸೊನ್ನೆಗೆ ಇಳಿಯುತ್ತದೆ, ಎಂಜಿನ್ ಟಕಟಕ ಹಲ್ಲು ಕಡಿಯುತ್ತದೆ. ಬಂದ್ ಮಾಡಿ ಅರ್ಧ ತಾಸು ಬಿಟ್ಟರೆ ಮತ್ತೆ ಹತ್ತು ನಿಮಿಷ ಸರಿ.

ಮೊದಲ ಭಾನುವಾರ ನಮ್ಮವರು ವರ್ಧಾ ರಸ್ತೆಯ ಬಸ್ಸು ಹಿಡಿದು ಹೋಗಿ ಮುಳ್ಳಿನ ಡಬ್ಬಿಯನ್ನೇ ಬದಲಿಸಿದರು. ಹೊಸ ಮುಳ್ಳೂ ಇಳಿಯಿತು. ಎರಡನೆಯ ಭಾನುವಾರ ಎಣ್ಣೆ ತೆಗೆದು ದಪ್ಪ ಎಣ್ಣೆ ಹಾಕಿದರು. ಸಂಜೆ ಮನೆಗೆ ಬಂದವರ ಕೈಯಲ್ಲಿ ಒಂದು ಇಲಿಬೋನು.

"ಎಂಜಿನ್ ಒಳಗ ಇಲಿ ಹೊಕ್ಕಾವು. ತೆಗದ ಎಣ್ಣಿಯೊಳಗ ಹಿಕ್ಕಿ ಬಂದಾವು" ಎಂದರು.

"ಚೇಂಬರ್ ಬಿಚ್ಚಿ ನೋಡ್ರಲಾ?"

"ಅದನ್ನ ನಾನ ಮುಚ್ಚೀನಿ. ಅದರಾಗ ಏನೂ ಇಲ್ಲ" ಎಂದು ಗುರುಗುಟ್ಟಿದರು. ಬೋನಿಗೆ ನನ್ನಿಂದಲೇ ಭಜಿ ಕರಿಸಿಕೊಂಡು ಹೋಗಿ ಇಟ್ಟರು. ಇಲಿ ಬೀಳಲಿಲ್ಲ, ಕೋಳಿ ಸಿಕ್ಕಿಬಿತ್ತು.

ಮೂರನೆಯ ವಾರ ಕಾಮಠಿ ಕಡೆಯ ಒಬ್ಬ ಮಿಸ್ತ್ರಿ ಬಂದು, ಒಳಗಿನ ಬೇರಿಂಗೆಲ್ಲ ಸವೆದಿವೆ, ಇದರ ಕಥೆ ಮುಗಿಯಿತು ಎಂದುಬಿಟ್ಟ. ಗೋಧಿ ಬಿತ್ತನೆಯ ಹೊತ್ತು ಮೀರುತ್ತಿತ್ತು. ಮುಂದಿನ ಭಾನುವಾರ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಕೊಟ್ಟುಬಿಡುತ್ತೇನೆ ಎಂದರು ಕಾಕು. ನಮ್ಮವರನ್ನು ಬೈದಿದ್ದರೂ ಬೇಕಿತ್ತು. ಕಾಕು ಅವರ ಬೆನ್ನು ತಟ್ಟಿದರಂತೆ. ಅಂದಿನಿಂದ ಈ ಮನುಷ್ಯ ಊಟ ಬಿಟ್ಟರು. ಮಾತು ಉಳಿಸಿಕೊಳ್ಳಲಿಲ್ಲ ಎಂಬ ಕೊರಗು ಅವರನ್ನು ತಿನ್ನುತ್ತಿತ್ತು.

ನನಗೆ ಅನುಮಾನ ಆ ಮಿಸ್ತ್ರಿಯ ಮೇಲೆ. ಅವನ ಕಣ್ಣೇ ತಾಕಿದೆ, ಇಲ್ಲವೇ ಏನೋ ಮಾಡಿಸಿದ್ದಾನೆ. ಅವನು ಬರುವ ಮೊದಲೇ ಎಂಜಿನ್ ಕೆಟ್ಟಿತ್ತಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಶುಕ್ರವಾರ ತಾಯಿಯ ಪಟದ ಮುಂದೆ ಸೆರಗೊಡ್ಡಿ ಬೇಡಿದೆ: "ತಾಯಿ, ಇದನ್ನು ಮಾಡಿದವರು ಯಾರೇ ಇರಲಿ, ನನ್ನ ಕಣ್ಣೆದುರು ತಂದು ನಿಲ್ಲಿಸು. ಅವರ ಬಾಯಿಂದಲೇ ಹೇಳಿಸು. ಐದು ಶುಕ್ರವಾರ ಉಪವಾಸ ಇರುತ್ತೇನೆ."

ಭಾನುವಾರ ನಾನೂ ಬಸ್ಸು ಹತ್ತಿದೆ. ನಾವು ಹೋಗುವಷ್ಟರಲ್ಲಿ ಭಂಗಾರದವನು ಲಾರಿ ತಂದು ನಿಂತಿದ್ದ. ಹೊಸದಾಗಿ ಹಾಕಿದ ಎಣ್ಣೆ ಇವನಿಗೆ ಯಾಕೆ ಹೋಗಬೇಕೆಂದು ನಮ್ಮವರು ಅದನ್ನು ಡಬ್ಬಕ್ಕೆ ಇಳಿಸಿದರು. ಮತ್ತೆ ಕರಿ ಕಾಳು ಬಂದವು. "ದೇಖೋ, ಚೂಹೇ ಕಾ ಕಾಮ್" ಎಂದು ಇಲಿಯ ಕೆಲಸವನ್ನು ಅವನಿಗೆ ತೋರಿಸುತ್ತಿದ್ದರು. ನಾನೂ ಬಗ್ಗಿ ನೋಡಿದೆ. ಇಪ್ಪತ್ತು ವರ್ಷ ಮೊರದಲ್ಲಿ ಅಕ್ಕಿ ಆರಿಸಿದ ಕಣ್ಣು ನನ್ನದು. ಒಂದು ಕಾಳು ತೆಗೆದು ಸೆರಗಿನ ತುದಿಯಲ್ಲಿ ಉಜ್ಜಿ, ಉಗುರಿನಿಂದ ಮುರಿದೆ. ಒಳಗೆ ಬೆಳ್ಳಗಿತ್ತು.

ತಾಯಿ ಅಪರಾಧಿಯನ್ನು ಹಿಡಿದುಕೊಟ್ಟಿದ್ದಳು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಟ್ರ್ಯಾಕ್ಟರ್ ಹೋಗುತ್ತಿತ್ತು. ಭಂಗಾರದವನ ಆಳುಗಳು ಆಗಲೇ ಸರಪಳಿ ಬಿಗಿಯುತ್ತಿದ್ದರು. ಸುಮ್ಮನಿರೋಣವೆಂದು ಒಂದು ಗಳಿಗೆ ಅನಿಸಿದ್ದು ನಿಜ, ತಾಯಿಯ ಮುಂದೆ ಸುಳ್ಳು ಹೇಳಲಾರೆ.

"ರೀ, ಅವು ಇಲಿ ಹಿಕ್ಕಿ ಅಲ್ರಿ."

"ಮತ್ತೇನ, ಜೀರಗಿ ಏನು?"

"ಅಕ್ಕಿ ಅದಾವ್ರಿ. ನಾನ ಹಾಕೀನಿ. ದಸರಾಕ್ಕ ಉಡಿ ತುಂಬಿದ್ದೆ."

"ಟ್ರ್ಯಾಕ್ಟರಿಗೆ ಉಡಿ ಎಲ್ಲೈತಿ?"

ಎಂಜಿನ್ನಿನ ಪಕ್ಕದಲ್ಲಿದ್ದ ಎಣ್ಣೆ ಹಾಕುವ ಬಾಯಿಯನ್ನು ಬೆರಳಿನಿಂದ ತೋರಿಸಿದೆ.

"ಏನೇನ್ ಹಾಕಿದಿ?"

"ಐದ ಹಿಡಿ ಅಕ್ಕಿ, ಒಂದ ಅರಿಷಿಣ ಕೊಂಬು, ಒಂದ ಅಡಕಿ."

"ತೆಂಗಿನಕಾಯಿ?"

"ಅದು ಹಿಡಿಲಿಲ್ರಿ."

ನಮ್ಮವರು ನೆಲದ ಮೇಲೆ ಕುಳಿತುಬಿಟ್ಟರು. ಆಮೇಲೆ ಎದ್ದು ಚೇಂಬರ್ ಬಿಚ್ಚಿದರು. ಎಣ್ಣೆ ಹೀರುವ ಕೊಳವೆಯ ತುದಿಯ ಜಾಲರಿಗೆ ಅಕ್ಕಿ ಮೆತ್ತಿಕೊಂಡಿತ್ತು. ಎಂಜಿನ್ ಓಡುವಾಗ ಕಾಳುಗಳು ಬಂದು ಜಾಲರಿಯನ್ನು ಮುಚ್ಚುತ್ತಿದ್ದವು, ನಿಂತಾಗ ಕಳಚಿ ಬೀಳುತ್ತಿದ್ದವು. ಬೇರಿಂಗುಗಳು ಇನ್ನೂ ಚೆನ್ನಾಗಿಯೇ ಇದ್ದವು. ಬೇನೆ ಸಿಕ್ಕ ಖುಷಿಯಲ್ಲಿ ನಮ್ಮವರು ನನ್ನ ಮೇಲಿನ ಸಿಟ್ಟನ್ನೇ ಮರೆತು ಇದೆಲ್ಲವನ್ನೂ ಭಂಗಾರದವನಿಗೆ ಎರಡು ಸಲ ವಿವರಿಸಿದರು.

ಚೇಂಬರ್ ತೊಳೆಯಲು ಕುಳಿತವಳು ನಾನು. ಅರಿಷಿಣ ಕೊಂಬು ಎರಡು ಸಿಕ್ಕವು. ಅಡಕೆಯೂ ಎರಡು. ನನ್ನ ದಪ್ಪಕ್ಕಿಯ ನಡುವೆ ಸೂಜಿಯಂಥ ಸಣ್ಣ ಚಿನ್ನೋರ್ ಅಕ್ಕಿ. ಬಾಡಿಗೆ ಮನೆಯವರು ಅಷ್ಟು ತುಟ್ಟಿಯ ಚಿನ್ನೋರ್ ತಿನ್ನುವುದುಂಟೇ? ತಲೆಯೆತ್ತಿ ಕಾಕುವನ್ನು ನೋಡಿದೆ. ಅವರು ಸೆರಗು ಸರಿಮಾಡಿಕೊಳ್ಳುತ್ತ ಬೇವಿನ ಮರ ನೋಡತೊಡಗಿದರು.

"ಘರೀ ಆಲೀ, ಮಗ ಓಟೀ ನಕೋ ಭರಾಯಲಾ?" ಎಂದರು ಮೆಲ್ಲಗೆ. ಟ್ರ್ಯಾಕ್ಟರೇ ಆಗಲಿ, ಮನೆಗೆ ಬಂದವಳಿಗೆ ಉಡಿ ತುಂಬದೆ ಇರುವುದು ಹೇಗೆ ಎಂಬುದು ಅವರ ಪ್ರಶ್ನೆ.

ಮೊದಲು ನಕ್ಕವನು ಭಂಗಾರದವನು. ಸರಪಳಿ ಬಿಚ್ಚಿಸಿ, ಚಹಾ ಕುಡಿದು ಹೋದ. ಮಧ್ಯಾಹ್ನ ನಮ್ಮವರು ಎಂಜಿನ್ ಚಾಲೂ ಮಾಡಿದರು. ಹತ್ತು ನಿಮಿಷವಾಯಿತು, ಒಂದು ತಾಸಾಯಿತು, ಮುಳ್ಳು ಏರಿದಲ್ಲೇ ನಿಂತಿತ್ತು. ಕಾಕು ಬದುವಿನ ಮೇಲೆ ಕುಳಿತು ಆ ಸಪ್ಪಳ ಕೇಳುತ್ತ ಗೊಳೋ ಎಂದು ಅತ್ತರು. ನಾನು ಹೋಗಿ ಅವರ ಪಕ್ಕ ಕುಳಿತೆ.

"ಇನ್ನ ಮ್ಯಾಲೆ ಪೂಜಾ ಮಾಡೂದಿದ್ರ ಇಬ್ಬರೂ ಗಾಲಿಗೆ ಮಾಡ್ರಿ" ಎಂದು ನಮ್ಮವರು ಸೀಟಿನ ಮೇಲಿಂದ ಕೂಗಿದರು. ಆ ರಾತ್ರಿ ನಾಲ್ಕು ರೊಟ್ಟಿ ಉಂಡರು.

ಐದು ಶುಕ್ರವಾರ ಉಪವಾಸ ಇದ್ದೆ. ಕಾಕುವೂ ಇದ್ದರು. ತಾಯಿ ಕೇಳಿದ್ದನ್ನು ಕೊಡುತ್ತಾಳೆ, ಇದರಲ್ಲಿ ನನಗೆ ಈಗ ಎಳ್ಳಷ್ಟೂ ಸಂಶಯವಿಲ್ಲ. ಆದರೆ ನಾನು ಅಪರಾಧಿಯನ್ನಷ್ಟೇ ಕೇಳಿದ್ದೆ. ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಂತ ಹೊತ್ತಿನಲ್ಲಿ ನನ್ನನ್ನು ಒಂಟಿಯಾಗಿ ಬಿಡಬಾರದೆಂದು ಪಕ್ಕದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿದಳಲ್ಲ, ಅದು ನಾನು ಬೇಡದೆಯೇ ಕೊಟ್ಟದ್ದು.