ಟೀಚರ್ ತೆಗೆಸಿದ ಪ್ಯಾರಾ

ಅವರ ಬಲಗಾಲಿನ ಹೆಬ್ಬೆರಳು ಕಾಲುಚೀಲದ ತೂತಿನಿಂದ ಆಚೆ ಇಣುಕುತ್ತಿತ್ತು. ಮೊದಲ ದಿನ ನನ್ನ ಕಣ್ಣಿಗೆ ಬಿದ್ದದ್ದೇ ಅದು. ಬೂದು ಬಣ್ಣದ ದಪ್ಪ ಉಣ್ಣೆಯ ಕಾಲುಚೀಲ, ಹಿಮ್ಮಡಿಯ ಹತ್ತಿರ ಕೆಂಪು ದಾರದಲ್ಲಿ ಹಾಕಿದ ತೇಪೆ, ತುದಿಯಲ್ಲಿ ಈ ಬೆರಳು. ನಮಗೆ ಪಾಠ ಹೇಳುತ್ತಿದ್ದ, ಎಪ್ಪತ್ತು ದಾಟಿದ ಆ ಹೆಂಗಸು ಬೂಟನ್ನು ಬಾಗಿಲಲ್ಲೇ ಬಿಟ್ಟು ತರಗತಿಯ ತುಂಬ ಹಾಗೇ ಓಡಾಡುತ್ತಿದ್ದರು. ಸದ್ದೇ ಇಲ್ಲ. ನಾವು ಬರೆಯುತ್ತಾ ಕೂತಿದ್ದಾಗ ಯಾವಾಗ ಬಂದು ಬೆನ್ನ ಹಿಂದೆ ನಿಂತರೋ ಗೊತ್ತಾಗುತ್ತಿರಲಿಲ್ಲ. ಕಾಫಿ ವಾಸನೆ ಬಂತು ಅಂದರೆ ಹಿಂದೆ ನಿಂತು ಓದುತ್ತಿದ್ದಾರೆ ಅಂತ ಲೆಕ್ಕ.

ನನಗೋ ಯಾರಾದರೂ ಹಿಂದೆ ನಿಂತರೆ ಕೈಯೇ ಓಡುವುದಿಲ್ಲ. ಮೊದಲೇ ನಾನು ಕೂತಲ್ಲಿ ಕೂರುವವಳಲ್ಲ. ಬಸ್ಸಿಗೆ ಐದು ನಿಮಿಷ ಕಾಯುವ ಬದಲು ಹಿಮದಲ್ಲೇ ಸೈಕಲ್ ತುಳಿದು ಎರಡು ಸಲ ಬಿದ್ದಿದ್ದೇನೆ. ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ಹದಿನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಬೇರೆಯವರ ತಪ್ಪು ಹುಡುಕಿ ಹುಡುಕಿ ತಲೆ ಚಿಟ್ಟು ಹಿಡಿದು, ನಲವತ್ಮೂರನೇ ವಯಸ್ಸಿನಲ್ಲಿ ಆರು ತಿಂಗಳು ಓದಿನ ರಜೆ ಹಾಕಿ ಪತ್ರಿಕಾ ಬರವಣಿಗೆಯ ತರಗತಿಗೆ ಸೇರಿದ್ದೆ. "ಪಾಠ ಎಲ್ಲಾ ಸ್ವೀಡಿಶ್‌ನಲ್ಲಿ. ನಿಂಗೆ ಬೇಕಿತ್ತಾ ಇದೆಲ್ಲ?" ಅಂದರು ನಮ್ಮ ಯಜಮಾನರು. ಮಗಳು ನನ್ನ ಮೊದಲ ಬರಹ ಓದಿ ಸ್ವೀಡಿಶ್‌ನಲ್ಲೇ ಏನೋ ಗೊಣಗಿ ನಕ್ಕಳು. ಬೇಕಿತ್ತು ಅನ್ನುವುದಷ್ಟೇ ನನಗೆ ಗೊತ್ತಿತ್ತು. ಯಾಕೆ ಅಂತ ಕೇಳಿದರೆ ಸಿಟ್ಟು ಬರುತ್ತಿತ್ತು.

ಇಲ್ಲಿ ಪಾಠ ಹೇಳುವವರನ್ನೂ ಹೆಸರು ಹಿಡಿದೇ ಕರೆಯುವುದು. ತಾಯಿ ವಯಸ್ಸಿನವರನ್ನು ಹಾಗೆ ಕರೆಯಲು ನನಗೆ ನಾಲಿಗೆ ಹೊರಳಲಿಲ್ಲ, "ಟೀಚರ್" ಅಂದುಬಿಟ್ಟೆ. ಉಳಿದವರೆಲ್ಲ ನಕ್ಕರು. ಅವರು ಮಾತ್ರ ನಗದೆ "ಹೇಳು" ಅಂದರು. ಅಲ್ಲಿಂದ ಕೊನೆಯವರೆಗೂ ನನಗೆ ಅವರು ಟೀಚರ್.

ಊರಿನ ಪತ್ರಿಕೆಯಲ್ಲಿ ನಲವತ್ತು ವರ್ಷ ವರದಿಗಾರರಾಗಿದ್ದವರು. ಫೀಕಾ, ಅಂದರೆ ಕಾಫಿ ಬಿಡುವಿನ ಹೊತ್ತಿನಲ್ಲಿ ನಾವೆಲ್ಲ ಕಾಫಿ ಜೊತೆ ದಾಲ್ಚಿನ್ನಿ ಬನ್ ತಿನ್ನುತ್ತಿದ್ದರೆ ಅವರು ಮನೆಯಿಂದ ತಂದ ಬೇಯಿಸಿದ ಮೊಟ್ಟೆಯನ್ನು ಮೇಜಿನ ಅಂಚಿಗೆ ಕುಟ್ಟಿ ಸಿಪ್ಪೆ ಬಿಡಿಸುತ್ತಾ ನಮ್ಮ ಬರಹ ಓದುತ್ತಿದ್ದರು. ಓದಿ ಮುಗಿಸಿದ ಕೂಡಲೇ ಪೆನ್ಸಿಲ್ ತೆಗೆದು ಕೊನೆಯ ವಾಕ್ಯಕ್ಕೆ ಅಡ್ಡಗೀಟು. ಯಾರದ್ದೇ ಇರಲಿ, ಎಷ್ಟೇ ಚೆನ್ನಾಗಿರಲಿ. "ಮುಗಿದ ಮೇಲೂ ಮಾತಾಡ್ತಿದ್ದೀಯ" ಅನ್ನುವರು. ಮೂರನೇ ವಾರ ನಾನು ಬೇಕಂತಲೇ ಕೊನೆಗೆ ಕೆಲಸಕ್ಕೆ ಬಾರದ ಒಂದು ವಾಕ್ಯ ಸೇರಿಸಿ ಕೊಟ್ಟೆ, ಹೊಡೆಯುವುದಾದರೆ ಅದನ್ನೇ ಹೊಡೆಯಲಿ ಅಂತ. ಅವರು ಎರಡು ವಾಕ್ಯ ಹೊಡೆದು ಹಾಕಿದರು.

ಇನ್ನೊಂದು ಕಟ್ಟಳೆ ಇತ್ತು. ಯಾರ ಮಾತನ್ನು ಬರೆದಿದ್ದೀವೋ ಅವರಿಗೆ ಮೊದಲು ಅದನ್ನು ಓದಿ ಹೇಳಬೇಕು, ಆಮೇಲೆ ಟೀಚರ್ ಕೈಗೆ ಕೊಡಬೇಕು. ಈ ದೇಶದಲ್ಲಿ ಅದು ಮಾಮೂಲು. ನಮ್ಮ ಹಿಂದಿನ ಬೆಂಚಿನ ಮುದುಕ ತನ್ನ ಸ್ವಂತ ಹೆಂಡತಿಗೇ ಫೋನ್ ಮಾಡಿ ಅವಳ ಮಾತು ಅವಳಿಗೇ ಓದಿ ಹೇಳಿದ್ದ. ನನಗೆ ನಗು ತಡೆಯಲಾಗಿರಲಿಲ್ಲ.

ಡಿಸೆಂಬರ್‌ನಲ್ಲಿ ಒಂದು ಅಸೈನ್‌ಮೆಂಟ್ ಬಂತು: ದಿನಾ ನೋಡುವ ಒಂದು ಜಾಗದ ಬಗ್ಗೆ ಬರೆಯಬೇಕು. ಟೀಚರ್ ಆರಿಸಿದ ಎರಡು ಬರಹಗಳನ್ನು ಊರಿನ ಪತ್ರಿಕೆಯವರು ನೋಡುತ್ತಾರೆ, ಒಪ್ಪಿಗೆಯಾದದ್ದು ಶನಿವಾರದ ಪುಟದಲ್ಲಿ ಬರುತ್ತದೆ. ಸುಳ್ಳು ಯಾಕೆ ಹೇಳಲಿ, ನನಗೆ ಹುಚ್ಚು ಹಿಡಿದ ಹಾಗಾಯಿತು. ನನ್ನ ಹೆಸರು ಪೇಪರ್‌ನಲ್ಲಿ ಬರಲೇಬೇಕಿತ್ತು.

ನಮ್ಮ ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಯ ಬಗ್ಗೆ ಬರೆದೆ. ಇಡೀ ಕಟ್ಟಡಕ್ಕೆ ಒಂದೇ ಕೋಣೆ, ಸರದಿ ಬುಕ್ ಮಾಡಿ ಒಗೆಯಬೇಕು. ಕೆಳಗಿನ ಮನೆಯ ಹುಡುಗಿ ಮತ್ತು ನಾನು ಬೇಕಂತಲೇ ಒಂದರ ಹಿಂದೆ ಒಂದು ಹೊತ್ತು ಹಿಡಿಯುತ್ತಿದ್ದೆವು. ದಾವಣಗೆರೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಈದ್‌ಗೆ ಅವಳ ಮನೆಯ ಶೀರ್‌ಖುರ್ಮಾ ನಮ್ಮನೆಗೆ, ಯುಗಾದಿಗೆ ನಮ್ಮ ಹೋಳಿಗೆ ಅವಳ ಮನೆಗೆ. ಆ ಚಳಿಗಾಲ ಅವಳ ಗಂಡನ ಕೆಲಸ ಹೋಗಿತ್ತು. ಮೂರು ತಿಂಗಳೊಳಗೆ ಬೇರೆ ಕೆಲಸ ಸಿಗದಿದ್ದರೆ ಪರ್ಮಿಟ್ ಹೋಗುತ್ತದೆ, ದೇಶ ಬಿಡಬೇಕು. ಒಂದು ದಿನ ಹಾಸಿಗೆಯ ಚಾದರವನ್ನು ಆ ತುದಿ ಅವಳು, ಈ ತುದಿ ನಾನು ಹಿಡಿದು ಮಡಚುತ್ತಿದ್ದಾಗ ಮೆಲ್ಲಗೆ ಅಂದಳು: "ಅಕ್ಕಾ, ಈ ಸಲ ಮಗಳಿಗೆ ಸರಿಯಾದ ಸೈಜಿನ ಬೂಟು ತಂದೆ."

ಮಕ್ಕಳಿಗೆ ಹಿಮದ ಬೂಟು ತರುವಾಗ ನಾವೆಲ್ಲ ಒಂದು ಸೈಜು ದೊಡ್ಡದನ್ನೇ ತರುವುದು, ಮುಂದಿನ ಚಳಿಗಾಲಕ್ಕೂ ಆಗಲಿ ಅಂತ. ಅವಳ ಲೆಕ್ಕದಲ್ಲಿ ಮುಂದಿನ ಚಳಿಗಾಲ ಇರಲಿಲ್ಲ. ಗಂಡನಿಗೆ ಮಾತ್ರ ದಿನಾ ಬೆಳಿಗ್ಗೆ "ಸಿಕ್ಕೇ ಸಿಗುತ್ತೆ ರೀ" ಅನ್ನುತ್ತಿದ್ದಳಂತೆ. ಮನೆಗೆ ಬಂದವಳೇ ಅದನ್ನು ಬರೆದುಕೊಂಡೆ.

ಟೀಚರ್ ಓದಿದರು. ಆ ಪ್ಯಾರಾದ ಪಕ್ಕ ಪೆನ್ಸಿಲ್ ಇಟ್ಟು "ಇದು ಚೆನ್ನಾಗಿದೆ" ಅಂದರು. ಅಷ್ಟು ದಿನದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

"ಅವಳಿಗೆ ಓದಿ ಹೇಳಿದೆಯಾ?"

"ಅವಳು ನನ್ನ ತಂಗಿ ಇದ್ದ ಹಾಗೆ, ಟೀಚರ್."

"ಹಾಗಾದರೆ ಫೋನ್ ನಂಬರ್ ಇರಬೇಕಲ್ಲ."

ನಾನು ವಾದಕ್ಕೆ ನಿಂತೆ. ನಮ್ಮ ಕಡೆ ನಮ್ಮವರ ಹತ್ತಿರ ಅಪ್ಪಣೆ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ನನ್ನನ್ನು ಹೊರಗಿನವಳು ಮಾಡಿಬಿಟ್ಟೆಯಾ ಅನ್ನುತ್ತಾರೆ, ಹೆಸರನ್ನಂತೂ ನಾನು ಹಾಕೇ ಇಲ್ಲ ಅಂತೆಲ್ಲ ಒಂದೇ ಉಸಿರಿಗೆ ಹೇಳಿದೆ. ಟೀಚರ್ ಕೇಳಿಸಿಕೊಂಡರು.

"ಹೊರಗಿನವಳಾಗಿದ್ದರೆ ನಿನ್ನ ಹತ್ತಿರ ನೋಡಿಕೊಂಡು ಮಾತಾಡಿರುತ್ತಿದ್ದಳು" ಅಂದರು. "ಹೋಗು, ಫೋನ್ ಮಾಡು."

ಮೈ ಉರಿಯುತ್ತಿತ್ತು. ಹೊರಗೆ ಕೋಟು, ಬೂಟುಗಳ ನಡುವೆ ನಿಂತು ಫೋನ್ ಮಾಡಿದೆ. ಸ್ವೀಡಿಶ್‌ನಲ್ಲಿದ್ದದ್ದನ್ನು ಕನ್ನಡಕ್ಕೆ ತಿರುಗಿಸುತ್ತಾ ಓದಿದೆ. ಬೂಟಿನ ಮಾತು ಬಂದಾಗ ಆ ಕಡೆಯಿಂದ ಹೂಂ ಅನ್ನುವುದು ನಿಂತಿತು.

"ಅಕ್ಕಾ, ನಮ್ಮನೆಯವರು ದಿನಾ ಆ ಪೇಪರ್ ಓದ್ತಾರೆ. ಭಾಷೆ ಕಲಿಯೋಕೆ. ಒಂದು ಸಾಲೂ ಬಿಡಲ್ಲ."

"ಹೆಸರು ಹಾಕಿಲ್ವಲ್ಲೇ."

"ಬೂಟು ಇದೆಯಲ್ಲ ಅಕ್ಕಾ. ಬರೋ ತಿಂಗಳು ಅವರಿಗೆ ಇಂಟರ್‌ವ್ಯೂ ಇದೆ. ನಾನೇ ಆಸೆ ಬಿಟ್ಟಿದ್ದೀನಿ ಅಂತ ಗೊತ್ತಾದ್ರೆ ಅವರು ಹೇಗೆ ಹೋಗ್ತಾರೆ?"

ನಾಚಿಕೆಯಾಯಿತು. ಜೊತೆಗೆ ಅಷ್ಟೇ ಸಿಟ್ಟೂ ಬಂತು, ಅವಳ ಮೇಲೆ, ಟೀಚರ್ ಮೇಲೆ, ನನ್ನ ಮೇಲೆ. ಒಳಗೆ ಹೋದೆ. ಟೀಚರ್ ನನ್ನ ಮುಖ ನೋಡಿ ಪೆನ್ಸಿಲ್ ಮುಂದೆ ಚಾಚಿದರು. ಆ ಪ್ಯಾರಾವನ್ನು ನಾನೇ ಹೊಡೆದುಹಾಕಿದೆ. ಉಳಿದದ್ದು ಉಪ್ಪಿಲ್ಲದ ಸಾರು.

"ಸಪ್ಪೆಯಾಯಿತು" ಅಂದೆ.

"ಹೌದು, ಸಪ್ಪೆಯಾಯಿತು. ಸಪ್ಪೆಯನ್ನೇ ಕಳಿಸೋಣ."

ಕಳಿಸಿದರು. ಪತ್ರಿಕೆಯವರು ಇನ್ನೊಂದನ್ನು ಆರಿಸಿಕೊಂಡರು. ನಾನು ಎರಡು ತರಗತಿಗೆ ಹೋಗಲಿಲ್ಲ. ವಾಪಸ್ ಟೆಸ್ಟಿಂಗ್‌ಗೆ ಹೋಗಿಬಿಡೋಣ ಅಂತ ಮ್ಯಾನೇಜರ್‌ಗೆ ಮೇಲ್ ಬರೆದೂ ಇಟ್ಟಿದ್ದೆ. ಟೀಚರ್ ಫೋನ್ ಮಾಡಿದರು. ಸಮಾಧಾನದ ಮಾತೇನಿಲ್ಲ. "ಗುರುವಾರ ನಿನ್ನ ಕುರ್ಚಿ ಖಾಲಿ ಇತ್ತು" ಅಂದು ಇಟ್ಟರು. ಮುಂದಿನ ಮಂಗಳವಾರ ಹೋದೆ.

ಕೆಳಗಿನ ಮನೆಯ ಗೆಳತಿಯ ಗಂಡನಿಗೆ ಕೆಲಸ ಸಿಗಲಿಲ್ಲ. ಅವರು ಊರಿಗೆ ಹೊರಟರು. ಹೋಗುವಾಗ ಅರ್ಧ ಮೂಟೆ ಅಕ್ಕಿ, ಬಟ್ಟೆ ಒಗೆಯುವ ಲಿಕ್ವಿಡ್ಡು, ಕುಕ್ಕರ್ ಎಲ್ಲ ನನ್ನ ಅಡುಗೆಮನೆಗೆ ತಂದಿಟ್ಟಳು. ನನ್ನ ರಜೆಯೂ ಮುಗಿಯಿತು. ಟೆಸ್ಟಿಂಗ್ ಮಾಡುತ್ತಲೇ, ಟೀಚರ್ ಹಿಂದೆ ಬಿದ್ದು ದೂಡಿದ್ದಕ್ಕೆ, ಊರಿನ ಪತ್ರಿಕೆಗೆ ಆಗೊಂದು ಈಗೊಂದು ಸಣ್ಣ ವರದಿ ಬರೆಯತೊಡಗಿದೆ. ಮೊದಲ ಸಲ ಹೆಸರು ಅಚ್ಚಾದಾಗ ಆರು ಪೇಪರ್ ಕೊಂಡೆ.

ಒಂದು ವರ್ಷವಾದ ಮೇಲೆ ದಾವಣಗೆರೆಯಿಂದ ಫೋನ್ ಬಂತು. "ಅಕ್ಕಾ, ಈಗ ಬರಿ. ಬೂಟಿಂದೂ ಬರಿ. ಅವರಿಗೆ ನಾನೇ ಎಲ್ಲ ಹೇಳಿದ್ದೀನಿ." ನಾನು ಕುಣಿದಾಡಿದೆ. ಒಂದು ಗಂಟೆ ಪ್ರಶ್ನೆ ಕೇಳಿ, ಪುಸ್ತಕದಲ್ಲಿ ಹದಿನೆಂಟು ಪುಟ ಬರೆದುಕೊಂಡೆ. ಮೂರು ದಿನದಲ್ಲಿ ಲೇಖನ ಮುಗಿಸಿ ಅವಳಿಗೆ ಓದಿ ಹೇಳಿದೆ. ಎಲ್ಲದಕ್ಕೂ ಹೂಂ ಅಂದಳು.

ಅಷ್ಟು ಹೊತ್ತಿಗೆ ಟೀಚರ್ ಆಸ್ಪತ್ರೆ ಸೇರಿದ್ದರು. ಕ್ಯಾನ್ಸರ್ ಲಿವರ್‌ಗೆ ಹರಡಿತ್ತು. ಒಂದು ಮಧ್ಯಾಹ್ನ ಲೇಖನ ತಗೊಂಡು ಹೋದೆ. ಕನ್ನಡಕ ಹಾಕಿಕೊಳ್ಳುವ ಶಕ್ತಿಯೂ ಅವರಿಗಿರಲಿಲ್ಲ, ನಾನೇ ಓದಿದೆ. ಕಣ್ಣು ಮುಚ್ಚಿ ಕೇಳಿದರು. ಓದಿ ಮುಗಿಸಿ, ಕೋಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತಾ ಕಾದೆ. ಚೆನ್ನಾಗಿದೆ ಅನ್ನುತ್ತಾರಾ? ಎಲ್ಲಿ ಹೊಡೆಯುತ್ತಾರೆ?

"ಅವಳು ಈಗ ಹೇಗಿದ್ದಾಳೆ?" ಅಂದರು.

ನನ್ನ ಪುಸ್ತಕದಲ್ಲಿ ಎಲ್ಲ ಇತ್ತು. ಎಷ್ಟು ಸೂಟ್‌ಕೇಸ್, ಮಗು ವಿಮಾನದಲ್ಲಿ ಏನು ಕೇಳಿತು, ಬೂಟಿನ ಬಣ್ಣ ಯಾವುದು, ಎಲ್ಲ. ಇದೊಂದು ಇರಲಿಲ್ಲ. ಎರಡು ಸಲ ಮಾತಾಡಿ ಇದೊಂದನ್ನು ನಾನು ಕೇಳಿರಲಿಲ್ಲ.

"ಗೊತ್ತಿಲ್ಲ ಟೀಚರ್."

"ಕೇಳು" ಅಂದರು. ಆಮೇಲೆ ನಿದ್ದೆ ಹೋದರು.

ಬಸ್ ಸ್ಟಾಪಿನಲ್ಲಿ ನಿಂತು ಫೋನ್ ಮಾಡಿದೆ. "ಹೇಗಿದ್ದೀಯೇ?" ಅಂದೆ.

"ಇದೂ ಪೇಪರ್‌ಗಾ ಅಕ್ಕಾ?"

"ಅಲ್ಲ ಕಣೇ."

ಅವಳು ಅತ್ತಳು, ಅಳುತ್ತಲೇ ಹೇಳುತ್ತಾ ಹೋದಳು. ನನ್ನ ಮುಂದೆ ಮೂರು ಬಸ್ಸು ಬಂದು ಹೋದವು. ನಾನು ಹತ್ತಲಿಲ್ಲ.

ಒಂಬತ್ತು ದಿನಕ್ಕೆ ಟೀಚರ್ ಹೋದರು. ಲೇಖನ ಅದಾದ ಮುಂದಿನ ಶನಿವಾರ ಅಚ್ಚಾಯಿತು, ಬೂಟಿನ ಪ್ಯಾರಾ ಸಮೇತ. ಸುಮಾರು ಜನ ಓದಿ ಮೆಚ್ಚಿದರು. ನನ್ನ ಗೆಳತಿಯನ್ನು ಟೀಚರ್ ಒಮ್ಮೆಯೂ ಕಂಡವರಲ್ಲ. ಅವಳು ನನಗೆ ಉಳಿದದ್ದು ಅವರಿಂದ. ಆ ದಿನ ಬಸ್ ಸ್ಟಾಪಿನಲ್ಲಿ ಅವಳು ಹೇಳಿದ್ದನ್ನು ನಾನು ಎಲ್ಲೂ ಬರೆದಿಲ್ಲ.